ನಾಯಕನಹಟ್ಟಿ ಸೀಮೆಯ ಕಾಲುದಾರಿಗಳು

ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಬಸ್ಸಿನಲ್ಲಿ ಹೋದವರು ನಿಮ್ಮಲ್ಲಿ ಅನೇಕರಿರಬಹುದು. ಕಿಟಕಿಯ ಪಕ್ಕದಲ್ಲಿ ಕುಳಿತವರಿಗೆ ಆ ದಾರಿಯಲ್ಲಿ ಕಾಣುವುದೇನು? ಎರಡೂ ಕಡೆ ಶೇಂಗಾ ಹೊಲ, ನಡುನಡುವೆ ಜಾಲಿಯ ಪೊದೆ, ಅಲ್ಲೊಂದು ಇಲ್ಲೊಂದು ಈಚಲ ಮರ, ದೂರದಲ್ಲಿ ಯಾರೋ ರಾಶಿ ಹಾಕಿ ಮರೆತುಹೋದಂತೆ ತೋರುವ ಕಲ್ಲುಗುಂಡುಗಳ ಬೆಟ್ಟ, ಎಲ್ಲದರ ಮೇಲೆ ಬಿಸಿಲು. “ಏನಿದೆ ಈ ಸೀಮೆಯಲ್ಲಿ? ಬರೀ ಬರಡು” ಎಂದು ಯಾರಾದರೂ ಕಣ್ಣು ಮುಚ್ಚಿ ನಿದ್ದೆಹೋದರೆ ಅವರನ್ನು ಆಕ್ಷೇಪಿಸುವಂತಿಲ್ಲ. ನಮ್ಮ ನಾಡಿನಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮುರುಗಳೂ ಸೇರಿವೆ. ಬಸ್ಸಿನ ವೇಗಕ್ಕೆ ಕಾಣುವುದು ಅಷ್ಟೇ.

ಆದರೆ ಒಂದು ಸೀಮೆಯನ್ನು ಅರಿಯುವುದಕ್ಕೆ ಎರಡು ವೇಗಗಳುಂಟು; ಒಂದು ಚಕ್ರದ್ದು, ಇನ್ನೊಂದು ಕಾಲಿನದು. ಈ ಸೀಮೆಯ ಚರಿತ್ರೆಯ ಬಹುಭಾಗ ಕಾಲಿನ ವೇಗದಲ್ಲಿಯೇ ನಡೆದದ್ದು. ಇಲ್ಲಿಗೆ ದನ ಹೊಡೆದುಕೊಂಡು ಬಂದವರು, ದೇವರನ್ನು ಹೊತ್ತು ಬಂದವರು, ರಾಜಾಜ್ಞೆಯನ್ನು ಹಿಡಿದು ಬಂದವರು, ಆ ಆಜ್ಞೆಯನ್ನು ಎರಡು ಸಾವಿರ ವರ್ಷಗಳ ಮೇಲೆ ಹುಡುಕಿಕೊಂಡು ಬಂದವರು, ಎಲ್ಲರೂ ಕಡೆಯ ಕೆಲವು ಮೈಲಿಗಳನ್ನಾದರೂ ನಡೆದೇ ಬಂದರು. ಅವರು ನಡೆದ ದಾರಿಯಲ್ಲಿ ನೀವೂ ಸ್ವಲ್ಪ ದೂರ ನಡೆದರೆ, ಬರಡು ಎಂಬ ಮಾತು ಎಷ್ಟು ನಿಜ, ಎಷ್ಟು ಸುಳ್ಳು ಎಂಬುದು ತಾನಾಗಿ ತಿಳಿಯುತ್ತದೆ. ಅದನ್ನು ಪರೀಕ್ಷಿಸಿ ನೋಡುವುದೇ ಈ ಲೇಖನದ ಉದ್ದೇಶ.

ಮೆಡಿಟರೇನಿಯನ್ ಸಮುದ್ರದ ಕ್ರೀಟ್, ಕಾರ್ಸಿಕಾ ಮೊದಲಾದ ದ್ವೀಪಗಳ ಹೆಸರನ್ನು ನೀವು ಕೇಳಿದ್ದೀರಿ. ದೂರದೂರದ ದೇಶಗಳಿಂದ ಜನ ಅಲ್ಲಿಗೆ ಹೋಗುವುದು ಕಡಲಿಗಾಗಿ ಮಾತ್ರವಲ್ಲ, ನಡೆಯುವುದಕ್ಕಾಗಿ. ಕ್ರೀಟಿನ ಸಮಾರಿಯಾ ಎಂಬ ಕಮರಿಯಲ್ಲಿ ಸುಮಾರು ಹತ್ತು ಮೈಲಿ ಇಳಿದು ಸಮುದ್ರತೀರವನ್ನು ಸೇರುವ ಒಂದು ದಾರಿಯುಂಟು. ಅದನ್ನು ನಡೆದು ಮುಗಿಸಿದವರು ಅದನ್ನೊಂದು ಯಾತ್ರೆಯೆಂದೇ ಬಗೆಯುತ್ತಾರೆ. ಅಲ್ಲಿ ಇರುವುದೇನು? ಕಲ್ಲು, ಮುಳ್ಳುಗಿಡ, ಬಿಸಿಲು, ಕಾಡು ಆಡು. ಆ ದ್ವೀಪಗಳ ಅನೇಕ ದಾರಿಗಳು ಕುರಿ ಆಡು ಕಾಯುವವರು ತುಳಿದು ಮಾಡಿದವು. ನಮ್ಮ ಸೀಮೆಯಲ್ಲಿಯೂ ಇರುವುದು ಕಲ್ಲು, ಮುಳ್ಳು, ಬಿಸಿಲು, ಕುರಿಗಾಹಿ. ಕಡಲೊಂದಿಲ್ಲ ಎನ್ನಬಹುದು. ಆದರೆ ದೊಡ್ಡ ವ್ಯತ್ಯಾಸ ಅದಲ್ಲ. ಅವರು ತಮ್ಮ ಕಾಲುದಾರಿಗಳಿಗೆ ಗುರುತು ಹಾಕಿದರು, ನಕ್ಷೆ ಬರೆದರು, ಬಂದವರಿಗೆ ಅವುಗಳ ಕಥೆ ಹೇಳಿದರು. ನಾವು ಹೇಳಲಿಲ್ಲ.

ನಮ್ಮ ನಡಿಗೆ ನಾಯಕನಹಟ್ಟಿಯಿಂದ ಆರಂಭವಾಗಲಿ. ಚಳ್ಳಕೆರೆಗೆ ವಾಯವ್ಯದಲ್ಲಿರುವ ಊರು ಇದು. ಇಲ್ಲಿಂದ ಈಶಾನ್ಯಕ್ಕೆ ಹೋದರೆ ಮೊಳಕಾಲ್ಮುರು. ಅದರಿಂದಾಚೆಗೆ ಉತ್ತರದಲ್ಲಿ ಬ್ರಹ್ಮಗಿರಿ. ಕೊನೆಗೆ ಜಟಿಂಗ ರಾಮೇಶ್ವರದ ನೆತ್ತಿ. ಇದು ಒಂದೇ ದಿನದ ನಡಿಗೆಯಲ್ಲ. ನಡುವೆ ಬಸ್ಸನ್ನೂ ಹಿಡಿಯಬೇಕು. ಆದರೆ ನಿಮ್ಮ ಮನೆಯ ಕುರ್ಚಿಯಲ್ಲಿ ಕುಳಿತು ಬರುವವರಿಗೆ ಆಯಾಸವಾಗಲಾರದು.

ಊರಿನ ಹೆಸರಿನಲ್ಲಿಯೇ ಅದರ ಮೊದಲ ಅಧ್ಯಾಯವಿದೆ. ಹಟ್ಟಿ ಎಂದರೆ ದನಕುರಿಗಳನ್ನು ಸಾಕುವವರ ನೆಲೆ. ಹಟ್ಟಿಯ ಪಾಳೆಯಗಾರರ ಮೂಲಪುರುಷರು ದನಗಳ ದೊಡ್ಡ ಹಿಂಡಿನೊಡನೆ ಮೇವು ಹುಡುಕುತ್ತ ಶ್ರೀಶೈಲದ ಕಡೆಯಿಂದ ಬಂದವರೆಂದು ಹಿಂದಿನವರು ಹೇಳುತ್ತಿದ್ದರು. ಅವರು ಬಂದು ನಿಂತದ್ದೇಕೆ? ಹುಲ್ಲಿಗಾಗಿ. ನಾವು ಬರಡು ಎನ್ನುವ ನೆಲವನ್ನು ಅವರು ಮೇವಿನ ನೆಲವೆಂದು ಕಂಡರು. ಎರಡು ಹದ ಮಳೆ ಬಿದ್ದರೆ ಸಾಕು, ಈ ಕೆಂಪು ನೆಲದಲ್ಲಿ ಹುಲ್ಲು ಮೇಲೇಳುತ್ತದೆ. ಮಳೆ ನಿಂತ ಮೇಲೆಯೂ ಒಣಗಿ ನಿಂತು ದನಕ್ಕೆ ಆಧಾರವಾಗುತ್ತದೆ. ಕೃಷಿಕನ ಕಣ್ಣಿಗೆ ಕೊರತೆಯಾಗಿ ಕಂಡದ್ದು ದನಗಾಹಿಯ ಕಣ್ಣಿಗೆ ಸಂಪತ್ತು.

ಆ ಕಣ್ಣು ಇಂದಿಗೂ ಇಲ್ಲಿ ಉಳಿದಿದೆ. ನಾಯಕನಹಟ್ಟಿಯ ಸುತ್ತಿನ ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳೆಂಬ ಹಿಂಡುಗಳನ್ನು ನೀವು ನೋಡಬಹುದು. ಇವು ಉಳುವ ಎತ್ತುಗಳಲ್ಲ, ಮಾರುವ ಎತ್ತುಗಳಲ್ಲ. ದೇವರ ಹೆಸರಿನಲ್ಲಿ ಬಿಟ್ಟವು, ಊರೇ ಸಾಕುವಂಥವು. ಅವುಗಳನ್ನು ಕಾಯುವವನಿಗೆ ಕಿಲಾರಿ ಎಂದು ಹೆಸರು. ಗಾದ್ರಿಪಾಲನಾಯಕ, ಕಂಪಳರಂಗಸ್ವಾಮಿ ಮೊದಲಾಗಿ ಮ್ಯಾಸಬೇಡರು ಪೂಜಿಸುವ ವೀರರ ಕಥೆಗಳಲ್ಲಿ ಹಸು, ಹೋರಿ, ಮೇವಿನ ಜಾಗ, ನೀರಿನ ಒರತೆಗಳೇ ತುಂಬಿವೆ. ನೆರೆಯ ಕಾಡುಗೊಲ್ಲರ ಜುಂಜಪ್ಪ, ಎತ್ತಪ್ಪರ ಕಥೆಗಳೂ ಹಾಗೆಯೇ. ಯಾವ ಹಳ್ಳದ ದಂಡೆಯಲ್ಲಿ ಎತ್ತು ನಿಂತಿತು, ಯಾವ ಗುಡ್ಡದ ನೆರಳಲ್ಲಿ ಹಿಂಡು ಮಲಗಿತು ಎಂದು ಹೇಳುತ್ತ ಹೋಗುವ ಈ ಕಥೆಗಳನ್ನು ಗಮನವಿಟ್ಟು ಕೇಳಿದರೆ, ಅವು ದಾರಿಯ ನಕ್ಷೆಗಳೂ ಹೌದು ಎಂಬುದು ಮನದಟ್ಟಾಗುತ್ತದೆ. ಕಾಗದದ ಮೇಲಿಲ್ಲದ ನಕ್ಷೆ, ಬಾಯಿಂದ ಬಾಯಿಗೆ ಬಂದ ನಕ್ಷೆ.

ದೊರೆಗಳೂ ಈ ಹುಲ್ಲಿನ ಬೆಲೆಯನ್ನು ಅರಿತಿದ್ದರು. ಮೈಸೂರಿನ ಒಡೆಯರ ಕಾಲದ ಬೆಣ್ಣೆಚಾವಡಿಯ ದನಗಳನ್ನು ಹೈದರಾಲಿ ಸೈನ್ಯದ ಸಾಗಾಣಿಕೆಗೆ ಬಳಸಿ ಬೆಳೆಸಿದನು. ಟಿಪ್ಪುಸುಲ್ತಾನನ ಕಾಲದಲ್ಲಿ ಅದಕ್ಕೆ ಅಮೃತಮಹಲ್ ಎಂಬ ಹೆಸರು ಬಂದಿತು. ತೋಪು ಎಳೆಯುವುದಕ್ಕೂ ವೇಗವಾಗಿ ನಡೆಯುವುದಕ್ಕೂ ಆ ಎತ್ತುಗಳಿಗೆ ಸಮನಾದುವು ಬೇರೆ ಇರಲಿಲ್ಲ. ಅವುಗಳ ಮೇವಿಗೆಂದು ನಾಡಿನ ಉದ್ದಕ್ಕೂ ಕಾವಲುಗಳನ್ನು ಮೀಸಲಿಟ್ಟಿದ್ದರು. ಬೇಸಗೆಯ ಕಾವಲು ಬೇರೆ, ಮಳೆಗಾಲದ ಕಾವಲು ಬೇರೆ, ಚಳಿಗಾಲದ ಕಾವಲು ಬೇರೆ. ಹಿಂಡು ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ನಡೆದುಹೋಗುತ್ತಿತ್ತು. ಹೀಗೆ ನಡೆಯುವ ದನಕ್ಕೆ ದಾರಿ ಬೇಕು. ದಾರಿಯ ಪಕ್ಕದಲ್ಲಿ ನೀರು ಬೇಕು. ಚಳ್ಳಕೆರೆಗೂ ನಾಯಕನಹಟ್ಟಿಗೂ ನಡುವೆ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳು ಇಂಥವು. ಕುರಿಯ ಉಣ್ಣೆಯಿಂದ ಕಂಬಳಿ ನೇಯುವ ಚಳ್ಳಕೆರೆ ಸೀಮೆಯ ಕಸುಬು ಈ ಹುಲ್ಲನ್ನೇ ನಂಬಿ ಬೆಳೆದದ್ದು. ಈ ಕಾವಲುಗಳ ವಿಷಯಕ್ಕೆ ಕೊನೆಯಲ್ಲಿ ಮತ್ತೆ ಬರೋಣ.

ಹುಲ್ಲಿನ ಮೇಲೆ ನೀರಿನ ಮಾತು. ನಾಯಕನಹಟ್ಟಿಯ ಹೆಸರು ಇಂದು ನಾಡಿನಲ್ಲೆಲ್ಲ ಪರಿಚಿತವಾಗಿರುವುದು ಗುರು ತಿಪ್ಪೇರುದ್ರಸ್ವಾಮಿಗಳಿಂದ. ಕೊಟ್ಟೂರಿನ ಕೊಟ್ಟೂರೇಶ್ವರರೊಡನೆ ಪಂಚಗಣಾಧೀಶ್ವರರಲ್ಲಿ ಒಬ್ಬರೆಂದು ಭಕ್ತರು ಎಣಿಸುವ ಈ ಸ್ವಾಮಿಗಳು ಸಂಚಾರಿಗಳಾಗಿ ಬಂದು ಇಲ್ಲಿ ನೆಲೆನಿಂತರು. ನಿಂತು ಮಾಡಿದ್ದು ಕೆರೆ ಕಟ್ಟಿಸುವ ಕೆಲಸ. ಸುತ್ತಿನ ಕೆರೆಗಳು ಅವರ ಪ್ರೇರಣೆಯಿಂದ ಆದವೆಂಬುದು ಜನರ ದೃಢವಾದ ನಂಬಿಕೆ. ಕೆರೆಯಲ್ಲಿ ಮಣ್ಣು ಹೊತ್ತವರು ಸಂಜೆ ತಮ್ಮ ತಮ್ಮ ಪಾಲಿನ ಮಣ್ಣಿನ ಗುಡ್ಡೆಯನ್ನು ಕೆದಕಿದರೆ, ಅವರವರು ಮಾಡಿದ ಕೆಲಸಕ್ಕೆ ಸರಿಯಾದ ಕೂಲಿ ಅದರಲ್ಲಿ ಸಿಕ್ಕುತ್ತಿತ್ತು ಎಂದು ಕಥೆ. ಮಾಡಿದಷ್ಟು ನೀಡು ಭಿಕ್ಷೆ ಎಂಬ ಮಾತು ಅವರ ಹೆಸರಿನೊಡನೆ ಅಂಟಿಕೊಂಡು ಬಂದಿದೆ. ಪವಾಡವನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಮಳೆ ಕಡಿಮೆ ಬೀಳುವ ಸೀಮೆಯಲ್ಲಿ ಒಬ್ಬ ಸಂತನ ಹಿರಿಮೆಯನ್ನು ಜನ ಕೆರೆಯ ಏರಿಯ ಮೇಲೆ, ಕೂಲಿಯ ನ್ಯಾಯದ ಮೇಲೆ ಅಳೆದರು ಎಂಬುದು ಪವಾಡಕ್ಕಿಂತ ದೊಡ್ಡ ಸಂಗತಿ.

ಫಾಲ್ಗುಣ ಮಾಸದ ರಥೋತ್ಸವಕ್ಕೆ ಲಕ್ಷಾಂತರ ಜನ ಸೇರುತ್ತಾರೆ. ಈಗ ಬಸ್ಸು, ಕಾರು, ಟ್ರಾಕ್ಟರುಗಳು ಬೇಕಾದಷ್ಟಿವೆ. ಆದರೂ ಹರಕೆ ಹೊತ್ತು ಕಾಲುನಡಿಗೆಯಲ್ಲಿ ಬರುವವರ ಸಾಲು ನಿಂತಿಲ್ಲ. ಜಾತ್ರೆಯ ಹಿಂದಿನ ದಿನಗಳಲ್ಲಿ ಹಟ್ಟಿಯ ಕಡೆಗೆ ಹೋಗುವ ದಾರಿಗಳ ಪಕ್ಕದಲ್ಲಿ ನಿಂತು ನೋಡಿ. ತಲೆಯ ಮೇಲೆ ಬುತ್ತಿ, ಹೆಗಲ ಮೇಲೆ ಮಗು, ಬಾಯಲ್ಲಿ ಸ್ವಾಮಿಯ ಹೆಸರು. ಒಳಮಠ ಹೊರಮಠಗಳನ್ನು ಕಂಡು, ಹರಕೆಯ ಕೊಬ್ಬರಿಯನ್ನು ಬೆಂಕಿಗೆ ಹಾಕಿ, ಬಂದ ದಾರಿಯಲ್ಲಿಯೇ ತಿರುಗಿ ಹೋಗುತ್ತಾರೆ. ದನದ ಗೊರಸು ಮಾಡಿದ ದಾರಿಯನ್ನು ಭಕ್ತರ ಪಾದ ಉಳಿಸಿಕೊಂಡಿದೆ.

ಇನ್ನು ಮೊಳಕಾಲ್ಮುರುವಿಗೆ ಹೋಗೋಣ. ರೇಷ್ಮೆ ಸೀರೆಯ ಹೆಸರಿನಿಂದ ಈ ಊರನ್ನು ಅರಿಯದ ಮನೆಯಿಲ್ಲ. 2011ರಲ್ಲಿ ಆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ನಡೆಯುವವನಿಗೆ ಈ ಊರಿನ ಹೆಸರೇ ಒಂದು ಎಚ್ಚರಿಕೆ. ಮೊಳಕಾಲು ಮುರಿಯುವ ಜಾಗ ಎಂದು ಈ ಹೆಸರನ್ನು ಬಿಡಿಸಿ ಹೇಳುವವರಿದ್ದಾರೆ. ವ್ಯುತ್ಪತ್ತಿ ಸರಿಯೋ ತಪ್ಪೋ, ಸುತ್ತಲ ಬೆಟ್ಟಗಳನ್ನು ಹತ್ತಿದವರು ಅದನ್ನು ಒಪ್ಪದೆ ಇರಲಾರರು. ಇಲ್ಲಿನ ಬೆಟ್ಟಗಳು ಮಣ್ಣಿನ ಬೆಟ್ಟಗಳಲ್ಲ. ಬಹುಪ್ರಾಚೀನವಾದ ಗಟ್ಟಿ ಕಣಶಿಲೆ ಬಿಸಿಲಿಗೆ ಕಾದು, ರಾತ್ರಿಗೆ ಆರಿ, ಬಿರುಕುಬಿಟ್ಟು, ಬಿರುಕಿನೊಳಗೆ ಮಳೆನೀರು ಇಳಿದು ಅಂಚುಗಳು ಸವೆದು, ಲಕ್ಷಾಂತರ ವರ್ಷಗಳಲ್ಲಿ ಈ ಗುಂಡುಗಳಾಗಿವೆ. ಗುಂಡುಗಳ ಸಂದಿನಲ್ಲಿ ನೀರು ನಿಲ್ಲುತ್ತದೆ, ನೆರಳಿರುತ್ತದೆ; ಅಲ್ಲಿ ಸೀತಾಫಲ ಬೆಳೆಯುತ್ತದೆ, ಕರಡಿ ಚಿರತೆಗಳು ಮನೆ ಮಾಡುತ್ತವೆ. ಸಾವಿರಾರು ವರ್ಷಗಳ ಹಿಂದೆ ಮನುಷ್ಯನೂ ಅಲ್ಲಿಯೇ ಮನೆ ಮಾಡಿದ್ದನು. ಊರಿನ ಹತ್ತಿರ ಕೂಗುಬಂಡೆ ಎಂಬುದೊಂದುಂಟು. ನೀವು ಕೂಗಿದ್ದನ್ನು ಅದು ತಿರುಗಿ ಕೂಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದರೆ ಅಲ್ಲಿಂದ ಅವರನ್ನು ಹೊರಡಿಸುವುದು ಕಷ್ಟ. ಇನ್ನೊಂದು ಕಡೆಯ ನುಂಕೆಮಲೆ ನಾಥಪಂಥದ ಯೋಗಿಗಳ ನೆನಪನ್ನು ಹೊತ್ತು ನಿಂತಿದೆ. ಅಲ್ಲಿ ನುಂಕೆ ಭೈರವನ ಗುಡಿಯಿದೆ.

ಮೊಳಕಾಲ್ಮುರುವಿನಿಂದ ಉತ್ತರಕ್ಕೆ, ಚಿನ್ನಹಗರಿ ಹರಿಯುವ ಬಯಲಿನಲ್ಲಿ, ಅಶೋಕ ಸಿದ್ಧಾಪುರ. ಅದರ ಪಕ್ಕದಲ್ಲಿ ರೊಪ್ಪ ಎಂಬ ಹಳ್ಳಿ, ಹಿಂದೆ ಬ್ರಹ್ಮಗಿರಿ. ಬಯಲಿನಿಂದ ಆರುನೂರು ಅಡಿಗಳಷ್ಟು ಮೇಲೇಳುವ ಈ ಬೆಟ್ಟ ನೋಡುವುದಕ್ಕೆ ಬೇರೆ ಬೆಟ್ಟಗಳಿಗಿಂತ ವಿಶೇಷವೇನಲ್ಲ. ಆದರೆ ದಕ್ಷಿಣ ಭಾರತದ ಪ್ರಾಚೀನ ಚರಿತ್ರೆಯನ್ನು ಬರೆಯುವವರು ಯಾರೂ ಇದನ್ನು ಬಿಟ್ಟು ಬರೆಯಲಾರರು.

1892ರಲ್ಲಿ ಬೆಂಜಮಿನ್ ಲೂಯಿಸ್ ರೈಸ್ ಎಂಬ ವಿದ್ವಾಂಸರು ಇಲ್ಲಿಗೆ ಬಂದರು. ಬೆಂಗಳೂರಿನಲ್ಲಿಯೇ ಹುಟ್ಟಿ, ಕನ್ನಡವನ್ನು ಕಲಿತು, ಮೈಸೂರು ಸಂಸ್ಥಾನದ ಊರೂರು ಅಲೆದು ಸಾವಿರಾರು ಶಾಸನಗಳನ್ನು ಬರೆಯಿಸಿಕೊಂಡು ಅಚ್ಚುಹಾಕಿಸಿದ ಮಹನೀಯರು ಅವರು. ಬ್ರಹ್ಮಗಿರಿಯ ಬುಡದಲ್ಲಿ ಹಳ್ಳಿಯ ಜನ ಅಕ್ಷರಗುಂಡು ಎಂದು ಕರೆಯುತ್ತಿದ್ದ ಒಂದು ಬಂಡೆ ಇತ್ತು. ಸಿದ್ಧಾಪುರದ ಪಕ್ಕದಲ್ಲಿ ಎಮ್ಮೆ ಕಾಯುವವನ ಹೆಸರಿನ ಗುಂಡೊಂದಿತ್ತು. ಅದರ ಮೇಲೂ ಅಕ್ಷರ. ಜಟಿಂಗ ರಾಮೇಶ್ವರ ಬೆಟ್ಟದ ನೆತ್ತಿಯ ಮೇಲೆ ಮೂರನೆಯದು. ಮೂರೂ ನಾಲ್ಕಾರು ಮೈಲಿಗಳೊಳಗೆ. ಮೂರೂ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ. ಮೂರೂ ಮೌರ್ಯ ಚಕ್ರವರ್ತಿ ಅಶೋಕನ ಆಜ್ಞೆಗಳು. ಅದುವರೆಗೆ ಇಷ್ಟು ದಕ್ಷಿಣದಲ್ಲಿ ಅಶೋಕನ ಶಾಸನ ದೊರೆತಿರಲಿಲ್ಲ. ಅವನ ರಾಜ್ಯ ಈ ನೆಲವನ್ನು ಮುಟ್ಟಿತ್ತೆಂಬುದಕ್ಕೆ ಕಲ್ಲಿನ ಸಾಕ್ಷಿ ದೊರೆತದ್ದು ಆಗ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಈ ಅಕ್ಷರಗಳನ್ನು ರೈಸ್ ಸಾಹೇಬರು ಓದಿಸಿದರು, ನಿಜ. ಆದರೆ ಕಲ್ಲಿಗೆ ಅಕ್ಷರಗುಂಡು ಎಂದು ಹೆಸರಿಟ್ಟವರು ಯಾರು? ಅದನ್ನು ಓದಲಾರದ ದನಗಾಹಿಗಳು. ಓದಲಾಗದಿದ್ದರೂ ಅದು ಅಕ್ಷರವೆಂದು ಅರಿತು, ಹೆಸರಿಟ್ಟು, ಆ ಹೆಸರನ್ನು ಕಳೆದುಕೊಳ್ಳದೆ ಕಾಪಾಡಿದವರು ಅವರು. ವಿದ್ವಾಂಸರಿಗಿಂತ ಮೊದಲು ದಾರಿ ತೋರಿಸಿದವನು ದನಗಾಹಿ.

ಆ ಬಂಡೆಯ ಮೇಲೆ ಬರೆದಿರುವುದೇನು? ಅದೊಂದು ಪತ್ರ. ಸುವರ್ಣಗಿರಿಯಿಂದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ್ದು. ಇಸಿಲವೆಂದರೆ ಈ ಬ್ರಹ್ಮಗಿರಿಯ ಬುಡದ ಊರೇ ಎಂದು ಪಂಡಿತರ ಅಭಿಪ್ರಾಯ. ಅದು ಕನ್ನಡ ಮೂಲದ ಪದವೆಂದು ಡಿ. ಎಲ್. ನರಸಿಂಹಾಚಾರ್ಯರು ವಾದಿಸಿದ್ದಾರೆ. ಪತ್ರ ಆರಂಭವಾಗುವುದು ಹೇಗೆ? ಆಜ್ಞೆಯಿಂದಲ್ಲ, ಆರೋಗ್ಯವಾಗಿದ್ದೀರಾ ಎಂದು ಕೇಳುವುದರಿಂದ. ನಮ್ಮ ನಾಡಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಬರಹಗಳಲ್ಲಿ ಒಂದು ಕ್ಷೇಮಸಮಾಚಾರ ಕೇಳುವ ಮಾತಿನಿಂದ ಮೊದಲಾಗುತ್ತದೆ. ನಾವು ಇಂದಿಗೂ ಕಾಗದ ಬರೆಯುವಾಗ ಅದನ್ನೇ ಅಲ್ಲವೆ ಮೊದಲು ಕೇಳುವುದು?

ಅನಂತರ ಚಕ್ರವರ್ತಿ ತನ್ನ ವಿಷಯ ಹೇಳುತ್ತಾನೆ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳ ಮೇಲಾಯಿತೆಂದೂ, ಮೊದಲ ಒಂದು ವರ್ಷ ತಾನು ಹೆಚ್ಚು ಶ್ರಮಿಸಲಿಲ್ಲವೆಂದೂ, ಸಂಘವನ್ನು ಸೇರಿದ ಮೇಲೆ ಚೆನ್ನಾಗಿ ಶ್ರಮಿಸಿದೆನೆಂದೂ ಒಪ್ಪಿಕೊಳ್ಳುತ್ತಾನೆ. ಧರ್ಮಸಾಧನೆ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಶ್ರಮಿಸಿದರೆ ಚಿಕ್ಕವನಿಗೂ ಸ್ವರ್ಗ ದೊರೆಯುತ್ತದೆ ಎಂಬುದು ಅದರ ತಾತ್ಪರ್ಯ. ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ಬಂಧುಗಳಲ್ಲಿ ತಕ್ಕಂತೆ ನಡೆಯಬೇಕು. ಇದು ಹಿಂದಿನಿಂದ ಬಂದ ನಡತೆ, ಆಯುಸ್ಸನ್ನು ಹೆಚ್ಚಿಸುವ ನಡತೆ. ಚಕ್ರವರ್ತಿಯ ಆಜ್ಞೆಯೆಂದರೆ ತೆರಿಗೆಯ ಲೆಕ್ಕವೋ ದಂಡದ ಬೆದರಿಕೆಯೋ ಇರಬಹುದೆಂದು ಎಣಿಸಿದವರಿಗೆ ಇದು ಮನೆಯ ಹಿರಿಯರ ಮಾತಿನಂತೆ ಕೇಳಿಸುತ್ತದೆ.

ಹದಿಮೂರು ಸಾಲುಗಳ ಈ ಬರಹದ ಕೊನೆಗೆ ಬರೆದವನ ಹೆಸರಿದೆ. ಅವನು ಚಪಡ. ತನ್ನ ಹೆಸರಿನ ಮುಂದೆ ಲಿಪಿಕಾರ ಎಂಬ ಮಾತನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯದೆ, ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಬರೆದ. ಆ ಲಿಪಿ ಬಳಕೆಯಲ್ಲಿದ್ದದ್ದು ಭಾರತದ ವಾಯವ್ಯ ಮೂಲೆಯಲ್ಲಿ, ಗಾಂಧಾರದ ಕಡೆ. ಆದ್ದರಿಂದ ಚಪಡನು ಆ ಕಡೆಯವನೋ ಅಲ್ಲಿ ಕಲಿತವನೋ ಆಗಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಸಾವಿರಾರು ಮೈಲಿ ದೂರದಿಂದ ಬಂದ ಒಬ್ಬ ಬರಹಗಾರ ಈ ಬಿಸಿಲಿನ ಬಂಡೆಯ ಮೇಲೆ ಬಗ್ಗಿ ಕುಳಿತು, ದೊರೆಯ ಮಾತನ್ನೆಲ್ಲ ಊರವರ ಲಿಪಿಯಲ್ಲಿ ಬರೆದು ಮುಗಿಸಿ, ಕೊನೆಗೆ ಒಂದೇ ಒಂದು ಮಾತನ್ನು ತನ್ನ ಕೈಗೆ ರೂಢಿಯಾದ ಲಿಪಿಯಲ್ಲಿ ಬರೆದಿಟ್ಟು ಹೋದ. ಚರಿತ್ರೆಯ ಪುಸ್ತಕಗಳಲ್ಲಿ ದೊರೆಗಳ ಹೆಸರು ಸಾವಿರ ಸಿಕ್ಕುತ್ತವೆ. ಆದರೆ ಕೆಲಸ ಮಾಡಿದವನ ಹೆಸರು, ಅವನದೇ ಕೈಬರಹದಲ್ಲಿ, ಎಷ್ಟು ಕಡೆ ಸಿಕ್ಕೀತು?

ಇದೇ ದೊರೆಯ ಇನ್ನೊಂದು ಶಾಸನದಲ್ಲಿ, ಅವನ ಧರ್ಮದ ಮಾತು ಹೋಗಿ ಮುಟ್ಟಿತೆಂದು ಐವರು ಯವನ ಅರಸರ ಹೆಸರುಗಳಿವೆ. ಸಿರಿಯದ ಆಂಟಿಯೋಕಸ್, ಈಜಿಪ್ಟಿನ ಟಾಲೆಮಿ ಮೊದಲಾದವರು. ಎಲ್ಲರೂ ಮೆಡಿಟರೇನಿಯನ್ ಸಮುದ್ರದ ಸುತ್ತಿನವರು. 1958ರಲ್ಲಿ ಕಂದಹಾರದಲ್ಲಿ ಅಶೋಕನ ಮಾತುಗಳು ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಲ್ಲಿಯೇ ಬಂಡೆಯ ಮೇಲೆ ದೊರೆತವು. ಎಲ್ಲಿಯ ಯವನರು, ಎಲ್ಲಿಯ ಇಸಿಲ! ಒಬ್ಬನೇ ದೊರೆಯ ಮಾತನ್ನು ಹೊತ್ತು ಕೆಲವರು ಆ ಕಡೆ ನಡೆದರು, ಚಪಡನಂಥವರು ಈ ಕಡೆ ನಡೆದರು.

ಬ್ರಹ್ಮಗಿರಿಯ ಕಥೆ ಅಶೋಕನಿಂದ ಆರಂಭವಾದದ್ದಲ್ಲ. 1940ರಲ್ಲಿ ಮೈಸೂರು ಪ್ರಾಕ್ತನ ಇಲಾಖೆಯ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಇಲ್ಲಿ ಅಗೆಸಿದರು. 1947ರಲ್ಲಿ ಭಾರತ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವ್ಹೀಲರ್ ಅವರು ಇಲ್ಲಿಯೂ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿಯೂ ದೊಡ್ಡ ಉತ್ಖನನ ನಡೆಸಿದರು. ಮಣ್ಣು ಮೂರು ಕಾಲಗಳ ಸುದ್ದಿಯನ್ನು ಹೇಳಿತು. ತಳದಲ್ಲಿ ನಯಮಾಡಿದ ಕಲ್ಲಿನ ಕೊಡಲಿಗಳ ಜನ. ಅವರ ಮಡಕೆಗಳು ಬಹುಮಟ್ಟಿಗೆ ಕೈಯಿಂದ ಮಾಡಿದವು. ಅದರ ಮೇಲೆ ಕಬ್ಬಿಣವನ್ನು ಬಲ್ಲ ಜನ. ಸತ್ತವರಿಗಾಗಿ ಕಲ್ಲುಚಪ್ಪಡಿಗಳ ಕೋಣೆ ಕಟ್ಟಿ ಸುತ್ತ ಗುಂಡುಗಳ ಬಳೆ ಇಟ್ಟವರು. ಬೆಟ್ಟದ ಬುಡದಲ್ಲಿ ನಡೆದರೆ ಆ ಕಲ್ಲಿನ ವೃತ್ತಗಳು ನಿಮಗೆ ಈಗಲೂ ಸಿಕ್ಕುತ್ತವೆ. ಮೂರನೆಯದಾಗಿ ಚಕ್ರದ ಮೇಲೆ ಮಾಡಿದ ನಯವಾದ ಮಡಕೆಗಳ, ಸಾತವಾಹನರ ಕಾಲದ ಜನ.

ಈ ಮೂರಕ್ಕೂ ಕಾಲ ನಿರ್ಣಯಿಸುವುದು ಹೇಗೆ? ಇಲ್ಲಿ ಮೆಡಿಟರೇನಿಯನ್ ಸಮುದ್ರ ಮತ್ತೊಮ್ಮೆ ನಮ್ಮ ದಾರಿಗೆ ಬರುತ್ತದೆ. ಎರಡು ವರ್ಷ ಮೊದಲು, 1945ರಲ್ಲಿ, ವ್ಹೀಲರ್ ಅವರು ಪುದುಚೇರಿಯ ಹತ್ತಿರದ ಅರಿಕಮೇಡುವಿನಲ್ಲಿ ಅಗೆಸಿದ್ದರು.  ಅಲ್ಲಿ ಇಟಲಿಯಿಂದ ಬಂದ ತಟ್ಟೆಗಳೂ ಮೆಡಿಟರೇನಿಯನ್ ಸೀಮೆಯ ದ್ರಾಕ್ಷಾರಸದ ಜಾಡಿಗಳೂ ದೊರೆತಿದ್ದವು. ಕೋಸ್ ಎಂಬ ದ್ವೀಪದ ಮಾದರಿಯ ಜಾಡಿಗಳೂ ಅವುಗಳಲ್ಲಿವೆ. ಇಟಲಿಯ ತಟ್ಟೆಗಳ ಕಾಲ ಗೊತ್ತಿತ್ತು. ಅವುಗಳ ಜೊತೆಯಲ್ಲಿ ದೊರೆತ, ಒಳಮೈಯಲ್ಲಿ ಚುಕ್ಕಿಯ ಬಳೆಗಳಿರುವ ಒಂದು ಬಗೆಯ ಬಟ್ಟಲು ಬ್ರಹ್ಮಗಿರಿಯಲ್ಲಿಯೂ ಚಂದ್ರವಳ್ಳಿಯಲ್ಲಿಯೂ ದೊರೆಯಿತು. ಆ ಬಟ್ಟಲಿನ ಚೂರುಗಳನ್ನು ಹಿಡಿದು ಬ್ರಹ್ಮಗಿರಿಯ ಮೇಲಿನ ಪದರಕ್ಕೆ ಕಾಲವನ್ನು ಕಟ್ಟಿದರು. ಚಂದ್ರವಳ್ಳಿಯಲ್ಲಿ ರೋಮಿನ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳೂ ಸಿಕ್ಕಿದ್ದವು.

ಅಂದಿನ ತೀರ್ಮಾನಗಳಲ್ಲಿ ಕೆಲವು ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಚುಕ್ಕಿಯ ಬಟ್ಟಲುಗಳು ಹೊರದೇಶದ ಪ್ರಭಾವದವೆಂದು ಆಗ ಎಣಿಸಿದ್ದರು. ಮುಂದೆ ಜೇಡಿಮಣ್ಣನ್ನು ಪರೀಕ್ಷಿಸಿದಾಗ ಅವು ಭಾರತದಲ್ಲಿಯೇ ಆದವೆಂದು ತಿಳಿಯಿತು. ಕಲ್ಲಿನ ಕೊಡಲಿಯವರನ್ನು ವ್ಹೀಲರ್ ಅವರು ಕ್ರಿಸ್ತಪೂರ್ವ ಸಾವಿರದ ಆಸುಪಾಸಿಗೆ ಇಟ್ಟಿದ್ದರು. ಇದ್ದಿಲಿನ ಪರೀಕ್ಷೆಯ ವಿಧಾನ ಬಂದ ಮೇಲೆ ಈ ಸೀಮೆಯ ಆ ಸಂಸ್ಕೃತಿ ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನಕ್ಕೆ ಹಿಂದೆ ಸರಿಯಿತು. ಎಂದರೆ ಇಂದಿಗೆ ನಾಲ್ಕು ಐದು ಸಾವಿರ ವರ್ಷ.

ಆ ಜನ ಏನು ಮಾಡಿಕೊಂಡಿದ್ದರು? ದನ ಸಾಕಿಕೊಂಡಿದ್ದರು. ಬಳ್ಳಾರಿಯ ಕಡೆ ಕುಡತಿನಿ ಮೊದಲಾದ ಕಡೆಗಳಲ್ಲಿ ಬೂದಿಯ ದಿಬ್ಬಗಳಿವೆ. ಅವು ರಾಕ್ಷಸರನ್ನು ಸುಟ್ಟ ಬೂದಿಯೆಂದು ಜನ ಹೇಳುತ್ತಿದ್ದರು. ರೇಮಂಡ್ ಆಲ್ಚಿನ್ ಎಂಬ ವಿದ್ವಾಂಸರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಂಥ ದಿಬ್ಬವನ್ನು ಅಗೆಸಿ, ಅದು ದನದ ದೊಡ್ಡಿಯಲ್ಲಿ ರಾಶಿಬಿದ್ದ ಸಗಣಿ ಮತ್ತೆ ಮತ್ತೆ ಉರಿದು ಆದ ಬೂದಿಯೆಂದು ತೋರಿಸಿ, 1963ರಲ್ಲಿ ಗ್ರಂಥ ಬರೆದರು. ದೊಡ್ಡಿಯ ಸುತ್ತ ಕಂಬ ನೆಟ್ಟ ಗುರುತು ಮತ್ತು ದನದ ಗೊರಸಿನ ಗುರುತು ಅಲ್ಲಿ ಉಳಿದಿದ್ದವು. ಬಳ್ಳಾರಿಯ ಕಪ್ಪಗಲ್ಲು ಬೆಟ್ಟದ ಬಂಡೆಗಳ ಮೇಲೆ ಉದ್ದಕೊಂಬಿನ ಹೋರಿಗಳ ಚಿತ್ರಗಳಿವೆ. ನಾಯಕನಹಟ್ಟಿಯ ದೇವರ ಎತ್ತುಗಳನ್ನು ನೋಡಿ ಬಂದು ಆ ಚಿತ್ರಗಳನ್ನು ನೋಡಿದರೆ, ಐದು ಸಾವಿರ ವರ್ಷ ಎಂಬ ಮಾತು ಅಷ್ಟು ದೂರದ್ದೆನಿಸುವುದಿಲ್ಲ. ಇವರು ಅವರ ವಂಶದವರು ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಆಧಾರ ಬೇಕು. ಆದರೆ ಈ ನೆಲದಲ್ಲಿ ಬದುಕುವ ಉಪಾಯ ಒಂದೇ ಆಗಿ ಉಳಿದುಬಂದಿದೆ ಎಂಬುದು ಕಣ್ಣಿಗೆ ಕಾಣುವ ಸಂಗತಿ.

ಕೊನೆಯ ಹತ್ತು ಜಟಿಂಗ ರಾಮೇಶ್ವರದ್ದು. ಸಮುದ್ರಮಟ್ಟದಿಂದ 3,469 ಅಡಿ ಎತ್ತರ. ರಾವಣನೊಡನೆ ಕಾದಿ ಜಟಾಯು ಬಿದ್ದ ಸ್ಥಳ ಇದೇ ಎಂದು ಸ್ಥಳಪುರಾಣ. ಬೆಳಗಿನ ತಂಪಿನಲ್ಲಿಯೇ ಹತ್ತಬೇಕು. ಮೆಟ್ಟಿಲುಗಳ ಮೇಲೆ ಏರುತ್ತ ಏರುತ್ತ ಬಯಲು ಕೆಳಗೆ ಬಿಡುತ್ತದೆ, ಕೆರೆಗಳು ಹೊಳೆಯುತ್ತವೆ, ಬಸ್ಸಿನಿಂದ ರಾಶಿಯಾಗಿ ಕಂಡ ಬೆಟ್ಟಗಳು ಒಂದೊಂದಾಗಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ನೆತ್ತಿಯ ಮೇಲೆ ದೇವಸ್ಥಾನ. ಅದರ ಹತ್ತಿರ ಅಶೋಕನ ಶಾಸನವಿರುವ ಬಂಡೆ. ಅದಕ್ಕೆ ಬಳೆಗಾರ ಗುಂಡು ಎಂದು ಹೆಸರು. ಏಕೆಂದರೆ ಜಾತ್ರೆಯ ದಿನಗಳಲ್ಲಿ ಬಳೆಗಾರರು ಆ ಬಂಡೆಯ ಮೇಲೆಯೇ ಅಂಗಡಿ ಹೂಡುತ್ತಿದ್ದರು. ಚಪ್ಪರದ ಗೂಟಕ್ಕಾಗಿ ಬಂಡೆಯಲ್ಲಿ ಕುಳಿ ತೋಡಿದರು. ಮೇಲೆ ಕುಳಿತವರ, ನಡೆದವರ ಕಾಲಿಗೆ ಅಕ್ಷರಗಳು ಸವೆದವು. ಮೂರು ಶಾಸನಗಳಲ್ಲಿ ಬಹಳ ಅಳಿದುಹೋದದ್ದು ಇದು.

ಬಳೆಗಾರರ ಮೇಲೆ ಸಿಟ್ಟಾಗುವುದು ಸುಲಭ. ಆದರೆ ಅವರು ತಿಳಿದು ಕೆಡಿಸಿದವರಲ್ಲ. ಬಂಡೆ ಅವರ ಪಾಲಿಗೆ ಬರಿಯ ಬಂಡೆ, ಖಾಲಿ ಜಾಗ. ಖಾಲಿಯೆಂದು ತಿಳಿದದ್ದರ ಮೇಲೆ ಮನುಷ್ಯ ಗೂಟ ಹೊಡೆಯುತ್ತಾನೆ. ಓದಿದವರಾದ ನಾವು ಮಾಡುತ್ತಿರುವುದು ಬೇರೆಯೇ?

ಕಾವಲುಗಳ ಮಾತಿಗೆ ತಿರುಗಿ ಬರುತ್ತೇನೆಂದು ಹೇಳಿದ್ದೆ. 2007ರಿಂದ ಈಚೆಗೆ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳ ಹಲವು ಸಾವಿರ ಎಕರೆ ನೆಲವನ್ನು ವಿಜ್ಞಾನ, ರಕ್ಷಣೆ, ಅಣುಶಕ್ತಿ, ಅಂತರಿಕ್ಷ ಸಂಶೋಧನೆಯ ಸಂಸ್ಥೆಗಳಿಗೆ ಕೊಡಲಾಯಿತು. ಕುದಾಪುರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ದೊರೆತದ್ದೇ 1,500 ಎಕರೆ. ಎತ್ತರದ ಗೋಡೆಗಳು ಎದ್ದವು. ದನಕುರಿಗಳು ಹೋಗುತ್ತಿದ್ದ ದಾರಿಗಳು ಗೋಡೆಗೆ ಬಂದು ನಿಂತವು. ಸುತ್ತಿನ ಹಳ್ಳಿಗಳವರು ಹಸಿರು ನ್ಯಾಯಮಂಡಳಿಯವರೆಗೂ ಹೋದರು. ವಿಜ್ಞಾನ ಬೇಡವೆಂದು ಹೇಳುವ ಮೂರ್ಖತನ ಯಾರಿಗೂ ಇಲ್ಲ. ದೇಶಕ್ಕೆ ಅದೂ ಬೇಕು. ಆದರೆ ಈ ನೆಲವನ್ನು ಕೊಡುವಾಗ, ಪಡೆಯುವಾಗ, ಇದು ಖಾಲಿ ನೆಲವೆಂಬ ಭಾವನೆ ಇತ್ತಲ್ಲ, ಅದು ಚರಿತ್ರೆಗೆ ಒಪ್ಪುವ ಮಾತಲ್ಲ. ಐದು ಸಾವಿರ ವರ್ಷ ದನ ಮೇಯಿಸಿದ ನೆಲ ಖಾಲಿಯಲ್ಲ. ಅದರ ಮೇಲಿನ ಬರಹ ನಮಗೆ ಓದುವುದಕ್ಕೆ ಬರುತ್ತಿರಲಿಲ್ಲ, ಅಷ್ಟೇ.

ಓದುವುದನ್ನು ಕಲಿಯುವುದಕ್ಕೆ ಉಪಾಯ ನಡೆಯುವುದೇ. ಕಾರ್ತಿಕದಿಂದ ಮಾಘದವರೆಗೆ ಈ ಸೀಮೆಯಲ್ಲಿ ಬಿಸಿಲು ಹಿತವಾಗಿರುತ್ತದೆ. ರೇಡಿಯೋದಲ್ಲಿ ಹವಾಮಾನ ವರದಿಯನ್ನು ಕೇಳಿಕೊಂಡು, ಮಕ್ಕಳನ್ನು ಕರೆದುಕೊಂಡು ಒಂದು ಭಾನುವಾರ ಹೊರಡಿ. ನೀರು ಧಾರಾಳವಾಗಿರಲಿ, ಗಟ್ಟಿ ಚಪ್ಪಲಿ ಇರಲಿ. ಬೆಟ್ಟದ ಗವಿಗಳ ಕಡೆಗೆ ಸಂಜೆಯ ಮೇಲೆ ಹೋಗಬೇಡಿ. ಅದು ಕರಡಿಯ ವೇಳೆ. ಶಾಸನದ ಅಕ್ಷರಗಳ ಮೇಲೆ ಸೀಮೆಸುಣ್ಣ ಉಜ್ಜಬೇಡಿ; ನಿಮ್ಮ ಹೆಸರನ್ನು ಪಕ್ಕದಲ್ಲಿ ಕೆತ್ತಬೇಡಿ. ಚಪಡನಿಗೆ ಆ ಹಕ್ಕಿತ್ತು, ನಮಗಿಲ್ಲ.

ದಾರಿ ತಿಳಿಯದೆ ಹೋದರೆ, ಕಂಬಳಿ ಹೊದ್ದು ಕುರಿ ಕಾಯುತ್ತಿರುವವರು ಯಾರಾದರೂ ಸಿಕ್ಕೇ ಸಿಕ್ಕುತ್ತಾರೆ. “ಅಣ್ಣಾ, ಅಕ್ಷರಗುಂಡಿಗೆ ದಾರಿ ಯಾವುದು?” ಎಂದು ಕೇಳಿ. ಆದರೆ ಅದಕ್ಕಿಂತ ಮೊದಲು, ಆ ಬಂಡೆಯ ಮೇಲೆ ಬರೆದಿರುವಂತೆ, ಚೆನ್ನಾಗಿದ್ದೀರಾ ಎಂದು ವಿಚಾರಿಸಿ.